ಹಿಂದೆ ಕೂತ ತೂಕ

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಿ. ಗೆರೆ ಇಲ್ಲದ ಹಾಳೆಯಾದ್ದರಿಂದ ಸಾಲು ಬಲಗಡೆಗೆ ಇಳಿದುಹೋಗುತ್ತದೆ. ಒತ್ತಕ್ಷರದಲ್ಲಿ ಅನುಮಾನ ಬಂದ ಕಡೆ ಎರಡು ಸಲ ಬರೆದು ಒಂದನ್ನು ಹೊಡೆದಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಸ್ಕೂಲು ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ಆದರೆ ನಡೆದದ್ದು ನಡೆದ ಹಾಗೆಯೇ ಇರಬೇಕೆಂದು ದೊಡ್ಡಮ್ಮನನ್ನೂ ಅಮ್ಮನನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದ್ದೇನೆ. ಇಬ್ಬರ ಮಾತು ಕೂಡದ ಕಡೆ ದೊಡ್ಡಮ್ಮ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಇದು ಅವಳ ಕಥೆ. ದೊಡ್ಡಮ್ಮನ ಹೆಸರು ಮುನಿನಾರಾಯಣಮ್ಮ. ಅವಳ ಓರಗಿತ್ತಿ ಆದಿಲಕ್ಷ್ಮಮ್ಮ ನನ್ನ ಅಮ್ಮ. ಇನ್ನು ಕೊನೆಯವರೆಗೆ ನಾನು ನಡುವೆ ಬರುವುದಿಲ್ಲ.

ಮುನಿನಾರಾಯಣಮ್ಮ ದಪ್ಪ ಹೆಂಗಸು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆದರೆ ಮುಂಗಾರಿನಲ್ಲಿ ಅದೇ ಊರಿನವರು ಅವಳ ಮನೆ ಬಾಗಿಲಿಗೆ ಬರುತ್ತಿದ್ದರು. ಕ್ಯಾಸಂಬಳ್ಳಿ ಕಡೆ ರಾಗಿ ಬಿತ್ತುವಾಗ ಎತ್ತಿನ ಹಿಂದೆ ಅಗಲವಾದ ಹಲಗೆ ಕಟ್ಟಿ ಹೊಲ ಮಟ್ಟ ಮಾಡುತ್ತಾರೆ. ಆ ಹಲಗೆಯ ಮೇಲೆ ಯಾರಾದರೂ ನಿಂತು ಭಾರ ಕೊಡಬೇಕು, ಆಗಲೇ ಹೆಂಟೆ ಒಡೆಯುವುದು. ಸಣಕಲು ಆಳು ನಿಂತರೆ ಹಲಗೆ ಕುಣಿಯುತ್ತದೆ. ಮುನಿನಾರಾಯಣಮ್ಮ ನಿಂತರೆ ಹೊಲ ಕೈಯಲ್ಲಿ ಸವರಿದ ಹಾಗೆ ಆಗುತ್ತಿತ್ತು.

"ನೀನು ನಿಂತ್ರೆ ನನ್ ಎತ್ತು ನಾಲ್ಗೆ ಚಾಚ್ತವೆ ಕಣಮ್ಮಿ" ಎಂದು ಒಬ್ಬ ರೇಗಿಸಿದರೆ, "ಮೊದ್ಲು ಅವುಕ್ಕೆ ಹುಲ್ಲು ಹಾಕು, ಆಮೇಲೆ ನನ್ ಮೈ ನೋಡು" ಎಂದು ಅವಳು ತಿರುಗಿ ಅನ್ನುತ್ತಿದ್ದಳು. ತನ್ನ ಮೈಯಿಂದ ಆಗುವ ಕೆಲಸ ಅದೊಂದಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು.

ಮೈ ದೊಡ್ಡದು, ಜೀವ ಮಾತ್ರ ಪುಕ್ಕಲು. ಅದಕ್ಕೆ ಕಾರಣ ಗಂಡ ದೊಡ್ಡವೆಂಕಟಪ್ಪನ ಕೆಲಸ. ಅವನು ಸೈಕಲ್ಲಿನಲ್ಲಿ ಕೆಜಿಎಫ್‌ಗೆ ಹೋಗಿ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದ. ಒಳಗೆ ಎಲ್ಲಾದರೂ ಬಂಡೆ ಸಿಡಿದರೆ ಮೇಲಿನ ನೆಲ ನಡುಗುತ್ತದೆ. ಅದನ್ನು ಅಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಾರೆ. ದೊಡ್ಡದಾದರೆ ಊರಿನವರೆಗೂ ಬರುತ್ತಿತ್ತು. ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಎಂದರೆ ಸಾಕು, ಮುನಿನಾರಾಯಣಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ರಸ್ತೆಗೆ ಬಂದು ನಿಂತು, ಸೈಕಲ್ಲು ಕಾಣುವವರೆಗೆ ಒಳಗೆ ಹೋಗುತ್ತಿರಲಿಲ್ಲ. ಗಂಡ ಜೀವಸಹಿತ ಗಣಿ ಬಿಟ್ಟು ಬಂದ, ಎದೆಯಲ್ಲಿ ಧೂಳು ತುಂಬಿಕೊಂಡು. ಈಗ ಜಗಲಿಯ ಮೇಲೆ ಕೂತು ಕೆಮ್ಮುತ್ತಾನೆ. ಕೂಲಿಗೆ ಹೋಗುವುದು ಅವಳೇ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಊರ ಕೆರೆ ಪೂರ್ತಿ ಒಣಗಿತು. ಕೆರೆಯ ತಳದ ಕಪ್ಪು ಗೋಡನ್ನು, ಎಂದರೆ ಹೂಳುಮಣ್ಣನ್ನು, ಹೊಲಗಳಿಗೆ ಹೊಡೆಸಲು ರಾಮಚಂದ್ರಪ್ಪ ಒಂದು ಸಣ್ಣ ಟ್ರ್ಯಾಕ್ಟರ್ ತಂದ. ಊರಲ್ಲಿ ಎಲ್ಲರಿಗಿಂತ ಹೆಚ್ಚು ಜಮೀನು ಅವನದೇ. ಟ್ರ್ಯಾಕ್ಟರ್ ಬಂಗಾರಪೇಟೆಯಲ್ಲಿ ಯಾರೋ ಓಡಿಸಿ ಬಿಟ್ಟದ್ದು, ಎತ್ತರದಲ್ಲಿ ಒಂದು ಹೋರಿಯಷ್ಟೇ ಇತ್ತು. ಅದರ ಮೂತಿಗೆ ಎರಡು ಕಬ್ಬಿಣದ ತೋಳು ಕೂರಿಸಿ, ತುದಿಗೆ ಬಕೆಟ್ ಹಾಕಿಕೊಟ್ಟವನು ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿ. ಮೊದಲು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ಸ್ವಂತ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ. ಲಿವರ್ ಎಳೆದರೆ ಬಕೆಟ್ ಮಣ್ಣು ತುಂಬಿಕೊಂಡು ಮೇಲೇಳುತ್ತಿತ್ತು. ನೋಡಿದ ಊರಿನವರು ಅದಕ್ಕೆ 'ಸೊಂಡ್ಲು' ಎಂದು ಹೆಸರಿಟ್ಟರು.

ಒಪ್ಪಿಸಲು ಬಂದ ದಿನ ಕುಪ್ಪುಸ್ವಾಮಿ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ತಂದಿದ್ದ. ನೇಗಿಲು ಕಟ್ಟಲು ಟ್ರ್ಯಾಕ್ಟರಿನ ಹಿಂದೆ ಎರಡು ತೋಳು ಇರುತ್ತವಲ್ಲ, ಪೆಟ್ಟಿಗೆಯನ್ನು ಅದಕ್ಕೆ ಸಿಕ್ಕಿಸಿ ಕಲ್ಲು ತುಂಬಿಸಿದ.

"ಈ ಪೆಟ್ಟಿಗೆ ಇಲ್ದೆ ಬಕೆಟ್ ಎತ್ತಬೇಡಿ ಸಾರ್" ಎಂದ. ಅವನ ಕನ್ನಡದಲ್ಲಿ ತಮಿಳು ರಾಗ. "ಮುಂದೆ ಭಾರ ಎತ್ತಿದ್ರೆ ಹಿಂದೆ ಭಾರ ಬೇಕು. ಇಲ್ಲಾಂದ್ರೆ ಈ ವಂಡಿ ನಿಮ್ಗೆ ನಮಸ್ಕಾರ ಹಾಕ್ತದೆ, ಮೂತಿ ಕೆಳಗೆ, ಹಿಂದೆ ಮೇಲೆ."

"ಆಯ್ತು ಮೇಸ್ತ್ರಿ, ಆಯ್ತು" ಎಂದ ರಾಮಚಂದ್ರಪ್ಪ.

ಪೆಟ್ಟಿಗೆಯಿಂದ ಬೇರೆ ತೊಂದರೆ ಶುರುವಾಯಿತು. ಗೋಡು ತುಂಬುವುದೂ ಅದೇ ಟ್ರ್ಯಾಕ್ಟರ್, ತುಂಬಿದ ಟ್ರೈಲರ್ ಎಳೆಯುವುದೂ ಅದೇ. ಟ್ರೈಲರ್ ಕಟ್ಟಬೇಕಾದರೆ ಪೆಟ್ಟಿಗೆ ಬಿಚ್ಚಬೇಕು. ಹೊಲಕ್ಕೆ ಸುರಿದು ವಾಪಸ್ ಬಂದ ಮೇಲೆ ಪೆಟ್ಟಿಗೆ ಮತ್ತೆ ಕಟ್ಟಬೇಕು. ಕಲ್ಲು ತುಂಬಿದ ಆ ಪೆಟ್ಟಿಗೆ ಎತ್ತಲು ಆಳುಗಳ ಬೆನ್ನು ಮುರಿಯುತ್ತಿತ್ತು. ಒಂದು ವಾರವೂ ಆಗಲಿಲ್ಲ, ಪೆಟ್ಟಿಗೆ ರಾಮಚಂದ್ರಪ್ಪನ ದನದ ಕೊಟ್ಟಿಗೆಯ ಹಿಂದೆ ಹೋಗಿ ಬಿತ್ತು.

ಪೆಟ್ಟಿಗೆ ಇಲ್ಲದೆ ಬಕೆಟ್ ಎತ್ತಿದರೆ ಹಿಂದಿನ ಚಕ್ರ ತೇಲುವುದು ಅಲ್ಲಿದ್ದ ಗಂಡಾಳುಗಳ ಕಣ್ಣಿಗೆ ಬಿತ್ತು. ಉಪಾಯ ಹೇಳಿದವನು ಡ್ರೈವರ್ ಆಂಜಿನಪ್ಪ. ಹಿಂದಿನ ತೋಳುಗಳ ಮೇಲೆ ಒಂದು ಮರದ ಹಲಗೆ ಅಡ್ಡ ಕಟ್ಟಿ, ಅದರ ಮೇಲೆ ಆಳು ಕೂರಿಸಿದರಾಯಿತು. ಮನುಷ್ಯನಾದರೆ ಇಳಿ ಎಂದರೆ ಇಳಿಯುತ್ತಾನೆ, ಹತ್ತು ಎಂದರೆ ಹತ್ತುತ್ತಾನೆ. ಯಾರಿಗೂ ಇದು ತಪ್ಪು ಎನ್ನಿಸಲಿಲ್ಲ. ಅಜ್ಜನ ಕಾಲದಿಂದ ರಾಗಿ ಹೊಲದ ಹಲಗೆಯ ಮೇಲೆ ನಿಂತುಕೊಂಡು ಬಂದ ಊರು ಅದು. ತೂಕ ಬೇಕು ಎಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು.

"ನಾರಾಯಣಕ್ಕಾ, ಒಲದಾಗೆ ಅಲ್ಗೆ ಮ್ಯಾಲೆ ನಿಂತ್ಕೊಳ್ತೀಯಲ್ಲ, ಇದೂ ಅಂಗೇ" ಎಂದ ಆಂಜಿನಪ್ಪ. "ನಿಂತ್ಕೊಳ್ಳೋದೂ ಬ್ಯಾಡ, ಸುಮ್ಕೆ ಕುಂತ್ಕೋ."

"ಎತ್ತಾದ್ರೆ ಓ ಅಂದ್ರೆ ನಿಲ್ತವೆ ಕಣ್ಲಾ. ಇದು ನಿಲ್ತೈತಾ?"

"ನಿಲ್ಸಾಕೆ ನಾನಿದ್ದೀನಲ್ಲಕ್ಕ."

ಹತ್ತಿ ಕೂತಳು. ಕೂತವಳಿಗೆ ಟ್ರ್ಯಾಕ್ಟರಿನ ಕಡೆ ಬೆನ್ನು, ಕೆರೆ ಏರಿಯ ಕಡೆ ಮುಖ. ಬಕೆಟ್ ಕಾಣುವುದಿಲ್ಲ, ಆಂಜಿನಪ್ಪನ ಕೈ ಕಾಣುವುದಿಲ್ಲ, ಚಕ್ರಗಳೂ ಕಾಣುವುದಿಲ್ಲ. ಮಂಕರಿಯಲ್ಲಿ ಗೋಡು ಹೊರುತ್ತಿದ್ದ ಹೆಂಗಸರು ಮಾತ್ರ ಕಾಣುತ್ತಿದ್ದರು.

"ರಾಣಿ ಕುಂತವ್ಳೆ ನೋಡ್ರೇ! ನಮ್ಗೆ ಮಂಕ್ರಿ, ಅವ್ಳಿಗೆ ಮೆರವಣಿಗೆ" ಎಂದು ಅವರು ನಕ್ಕರು. ಅವಳೂ ನಕ್ಕಳು.

ಅಷ್ಟರಲ್ಲಿ ಬೆನ್ನ ಹಿಂದೆ ಇಂಜಿನ್ನು ಗುರುಗುಟ್ಟಿತು. ಬಕೆಟ್ ಎದ್ದಿರಬೇಕು. ಕೂತ ಹಲಗೆ ಹಗುರಾಯಿತು. ಮೇಲೆ ಎದ್ದದ್ದಲ್ಲ, ಅಲುಗಾಡಿದ್ದೂ ಅಲ್ಲ. ಬಾವಿಯ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು, ಅಲ್ಲಿ ಮೆಟ್ಟಿಲಿಲ್ಲದಿದ್ದರೆ ಹೊಟ್ಟೆಯಲ್ಲಿ ಏನಾಗುತ್ತದೋ ಹಾಗೆ. ಅವಳು ಎರಡೂ ಕೈಯಲ್ಲಿ ಹಲಗೆ ಹಿಡಿದಳು. ಬಕೆಟ್ ಸುರಿದ ಸದ್ದು ಕೇಳಿಸಿತು, ಹಲಗೆ ಧಡಕ್ಕನೆ ಕೆಳಗೆ ಕೂತಿತು, ಭಾರ ವಾಪಸ್ ಬಂತು. ಮತ್ತೆ ಗುರುಗುಟ್ಟಿತು, ಮತ್ತೆ ಹಗುರಾಯಿತು.

"ಲೇ ಆಂಜಿ, ಮೇಲಕ್ಕೆ ಓಯ್ತೈತೆ ಕಣ್ಲಾ!"

"ನೀನೆಲ್ಲಿ ಮೇಲಕ್ಕೆ ಓಯ್ತೀಯಕ್ಕ? ನಿನ್ನ ಎತ್ತಾಕೆ ಸೊಂಡ್ಲು ಸಾಕಾಗಲ್ಲ, ಆನೇನೇ ಬರ್ಬೇಕು!"

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

ಹೀಗೇ ದಿನಗಳು ಹೋದವು. ಬೆಳಿಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಆ ಹಲಗೆ. ಕೆರೆಗೆ ಹೋಗುವ ದಾರಿಯಲ್ಲಿ ಗಂಗಮ್ಮನ ಕಲ್ಲಿಗೆ ಕೈಮುಗಿದು, 'ತಾಯಿ, ಇವತ್ತೊಂದು ದಿನ ನೆಲ ಬಿಡಿಸಬೇಡ' ಎಂದು ಕೇಳಿಕೊಳ್ಳುತ್ತಿದ್ದಳು. ಕಿವಿ ಚುರುಕಾಯಿತು. ಒಣ ಗೋಡಾದರೆ ಇಂಜಿನ್ನಿನ ಸದ್ದು ಸಣ್ಣ, ಹಸಿ ಗೋಡಾದರೆ ದಪ್ಪ. ದಪ್ಪ ಸದ್ದು ಬಂದಾಗಲೆಲ್ಲ ಹಲಗೆ ಹೆಚ್ಚು ಹಗುರಾಗುತ್ತಿತ್ತು. ಹಲಗೆ ಹಿಡಿದು ಹಿಡಿದು ಬೆರಳ ಸಂದಿಯ ಚರ್ಮ ಕಿತ್ತಿತ್ತು.

ಒಂದು ಸಂಜೆ ಗಂಡನಿಗೆ ಹೇಳಿದಳು. ದೊಡ್ಡವೆಂಕಟಪ್ಪ ಕೆಮ್ಮು ನಿಲ್ಲುವವರೆಗೆ ಕಾದು ಮಾತಾಡಿದ.

"ಒಳಗೆ ಓಗಾಕೆ ಮುಂಚೆ ಗಡಾರಿಯಿಂದ ತಲೆ ಮ್ಯಾಲಿನ ಬಂಡೆ ತಟ್ತಾ ಇದ್ವಿ. ಟಣ್ ಅಂದ್ರೆ ಗಟ್ಟಿ, ಓಗ್ಬೋದು. ಡಬ್ ಅಂದ್ರೆ ಒಳಗೆ ಟೊಳ್ಳು, ವಾಪಸ್ ಬಂದ್ಬಿಡ್ಬೇಕು. ನಿನ್ ಕುಂಡಿ ದಿನಾ ಡಬ್ ಅಂತೈತೆ. ವಾಪಸ್ ಬಾ."

"ನಾನು ಬಂದ್ರೆ ಇನ್ಯಾರ್ನೋ ಕೂರಿಸ್ತಾರೆ."



ಮರುದಿನ ಅವಳು ಧೈರ್ಯ ಮಾಡಿ ರಾಮಚಂದ್ರಪ್ಪನನ್ನು ಕೇಳಿದಳು. ಧೈರ್ಯ ಎಂದರೆ, ಅವನ ಸ್ಕೂಟರಿನ ಕಡೆ ನೋಡಿಕೊಂಡು ಕೇಳಿದಳು. "ಅಣ್ಣಾ, ಆ ಕಬ್ಬಿಣದ ಪೆಟ್ಗೆ ಕಟ್ಟಿಸ್ಬಿಡಿ. ನಂಗೆ ಭಯ ಆಯ್ತದೆ."

"ಪೆಟ್ಟಿಗೆ ಕಟ್ಟಿ ಬಿಚ್ಚೋದ್ರಲ್ಲಿ ಅರ್ಧ ದಿನ ಹೋಗುತ್ತೆ ಕಣಮ್ಮ. ಮಳೆ ಬೀಳೋ ಮುಂಚೆ ಗೋಡು ಮುಗೀಬೇಡ್ವಾ? ನೀನೇ ಪೆಟ್ಟಿಗೆ ಅಂದ್ಕೋ, ಹೋಗು." ಅವನು ಕೆಟ್ಟದ್ದಾಗಿ ಹೇಳಲಿಲ್ಲ. ನಗುತ್ತಲೇ ಹೇಳಿದ. ಅವನಿಗೆ ಅದು ನಿಜವಾಗಿಯೂ ಹಲಗೆಯ ಕೆಲಸದ ಹಾಗೇ ಕಾಣುತ್ತಿತ್ತು.

ಅದಾದ ಕೆಲವು ದಿನಕ್ಕೆ ಮುನಿನಾರಾಯಣಮ್ಮನಿಗೆ ಚಳಿಜ್ವರ ಬಂತು. ಕಂಬಳಿ ಹೊದ್ದು ಮಲಗಿದವಳಿಗೆ ಜ್ವರದಲ್ಲೂ ಒಂದು ಸಮಾಧಾನ ಇತ್ತು, ಇವತ್ತು ಹಲಗೆ ಇಲ್ಲ ಎಂದು. ಕಣ್ಣು ಮುಚ್ಚಿದರೆ ಮಾತ್ರ ಚಾಪೆ ಹಗುರಾದ ಹಾಗಾಗಿ ಎಚ್ಚರವಾಗುತ್ತಿತ್ತು. ಬಿಸಿಲೇರಿದ ಮೇಲೆ ನೀರು ಕೇಳಿದಳು. ನೀರು ಕೊಟ್ಟ ಗಂಡ ಹೇಳಿದ:

"ನಿನ್ ಜಾಗಕ್ಕೆ ಲಕ್ಷ್ಮೀನ ಕರ್ಕೊಂಡು ಓದ್ರು."

ಲಕ್ಷ್ಮಿ ಎಂದರೆ ಓರಗಿತ್ತಿ ಆದಿಲಕ್ಷ್ಮಮ್ಮ. ಜೋಳದ ದಂಟಿನ ಹಾಗಿರುವ ಹೆಂಗಸು.

"ಅವ್ಳ ಮೈಯಾಗೆ ತೂಕ ಎಲ್ಲೈತೆ?"

"ಅದ್ಕೇ ಆಂಜಿನಪ್ಪ ನಮ್ ಒರಳಿನ ಗುಂಡುಕಲ್ಲು ಎತ್ಕೊಂಡೋದ. ಮಡ್ಲಾಗೆ ಇಟ್ಕೊಂಡು ಕುಂತ್ಕೊಳ್ತಾಳಂತೆ."

ಮುನಿನಾರಾಯಣಮ್ಮ ಎದ್ದಳು. ಕಂಬಳಿ ಹೊದ್ದೇ ಹೊರಟಳು. ಗಂಡ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಹಲಗೆಯ ಮೇಲೆ ಕೂತವಳಿಗೆ ಕೊನೆಗೆ ಇರುವುದು ಒಂದೇ ದಾರಿ, ನೆಗೆಯುವುದು. ಮಡಿಲಲ್ಲಿ ಗುಂಡುಕಲ್ಲಿದ್ದರೆ ಹೇಗೆ ನೆಗೆಯುತ್ತಾಳೆ? ಕೆರೆಯವರೆಗೆ ತಲೆಯಲ್ಲಿ ಇದ್ದದ್ದು ಅದೊಂದೇ. ಬಿಸಿಲಿನಲ್ಲಿ ಹಲ್ಲು ಕಟಕಟಿಸುತ್ತಿತ್ತು. ಅದು ಜ್ವರಕ್ಕೋ ಭಯಕ್ಕೋ ಈಗಲೂ ಗೊತ್ತಿಲ್ಲ ಎನ್ನುತ್ತಾಳೆ.

ಏರಿ ಹತ್ತಿ ನಿಂತು ಕೆಳಗೆ ನೋಡಿದಳು. ಇಷ್ಟು ದಿನ ಆ ಟ್ರ್ಯಾಕ್ಟರಿನ ಮೇಲೆ ಕೂತಿದ್ದವಳು, ಅದು ಭಾರ ಎತ್ತುವುದನ್ನು ಹೊರಗೆ ನಿಂತು ನೋಡಿದ್ದು ಅವತ್ತೇ ಮೊದಲು.

ಕೆರೆಯಂಗಳದಲ್ಲಿ ಗೋಡು ಅಗೆದು ಅಗೆದು ಒಂದು ಇಳಿಜಾರು ಆಗಿತ್ತು. ಮೇಲುಗಡೆ ಗೋಡು ತುಂಬಿಕೊಂಡು, ಇಳಿಜಾರಿನಲ್ಲಿ ಇಳಿದು, ಕೆಳಗೆ ನಿಲ್ಲಿಸಿದ್ದ ಟ್ರೈಲರಿಗೆ ಸುರಿಯಬೇಕು. ಅವತ್ತು ಅಗೆದಿದ್ದದ್ದು ತಳದ ಹಸಿ ಗೋಡು. ಆಂಜಿನಪ್ಪ ಬಕೆಟ್ ತುಂಬಿದ. ಕೆಳಗೆ ಹೋದ ಮೇಲೆ ಎತ್ತುವ ಬದಲು, ಹೊತ್ತು ಉಳಿಯಲಿ ಎಂದು ಇಳಿಯುತ್ತಲೇ ಎತ್ತಿದ. ಬಕೆಟ್ ಅವನ ತಲೆಯ ಎತ್ತರಕ್ಕೆ ಹೋಯಿತು. ಟ್ರ್ಯಾಕ್ಟರಿನ ಮೂತಿ ತಗ್ಗಿತು. ಹಿಂದಿನ ದೊಡ್ಡ ಚಕ್ರಗಳ ಕೆಳಗೆ ಬೆಳಕು ಕಂಡಿತು. ಆ ಸಂದಿನಲ್ಲಿ ಆಚೆ ಕಡೆಯ ಜಾಲಿಗಿಡ ಕಾಣಿಸಿತು.

ಆದಿಲಕ್ಷ್ಮಮ್ಮ ಹಲಗೆಯ ಮೇಲೆ ಇತ್ತ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಗುಂಡುಕಲ್ಲು, ಅದು ಉರುಳದಂತೆ ಟವಲಿನಿಂದ ಸೊಂಟಕ್ಕೆ ಬಿಗಿದಿತ್ತು. ಏರಿಯ ಮೇಲೆ ಅಕ್ಕನನ್ನು ಕಂಡು ಅವಳು ನಕ್ಕಳು. ಹಲಗೆ ಹಗುರಾಗುವುದೇ ಈ ಕೆಲಸ ಎಂದುಕೊಂಡಿದ್ದಳು. ಬೆನ್ನ ಹಿಂದೆ ಏನಾಗುತ್ತಿದೆ ಎಂದು ಅವಳಿಗೇನು ಗೊತ್ತು?

"ಇಳಿಸ್ಲಾ! ಬಕೆಟ್ಟು ಇಳಿಸ್ಲಾ ಆಂಜೀ!" ಎಂದು ಮುನಿನಾರಾಯಣಮ್ಮ ಏರಿಯ ಮೇಲಿಂದ ಕೂಗಿದಳು.

ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಟ್ರ್ಯಾಕ್ಟರ್ ಅವನ ಕೈ ಮೀರಿ ಜಾರಲು ಶುರುವಾಗಿತ್ತು. ಅವನು ಎದ್ದು ನಿಂತು ಬ್ರೇಕ್ ತುಳಿದ. ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ. ನೆಲ ಬಿಟ್ಟ ಚಕ್ರ ಏನನ್ನು ಹಿಡಿದೀತು? ಮುಂದಿನ ಸಣ್ಣ ಚಕ್ರಗಳ ಮೇಲೆ ಇಡೀ ಗಾಡಿ ಕೆಳಗೆ ಹೊರಟಿತ್ತು. ಕೆಳಗೆ ಟ್ರೈಲರಿನ ಪಕ್ಕ ಹೆಂಗಸರು ಬಗ್ಗಿ ಮಂಕರಿ ತುಂಬುತ್ತಿದ್ದರು.

ಮುನಿನಾರಾಯಣಮ್ಮ ಓಡಿದಳು. ಅಷ್ಟು ಜೋರಾಗಿ ಅವಳು ಹುಡುಗಿಯಾಗಿದ್ದಾಗಲೂ ಓಡಿರಲಿಲ್ಲ. ಯೋಚನೆ ಮಾಡಿ ಓಡಿದ್ದಲ್ಲ. ತೂಕ ಬೇಕು ಎಂದರೆ ತನ್ನ ಮೈ ಎಂದು ಇಷ್ಟು ವರ್ಷ ಊರು ಹೇಳಿತ್ತು, ಮೈ ತಾನಾಗಿ ಹೋಯಿತು. ಹಲಗೆಯ ಅಂಚಿಗೆ ಎರಡೂ ಕೈ ಹಾಕಿ, ಎದೆ ಊರಿ, ಜೋತುಬಿದ್ದಳು. ಕಾಲು ನೆಲದ ಮೇಲೆ ಎಳೆದುಕೊಂಡು ಹೋಯಿತು.

"ಅಕ್ಕಾ, ಜ್ವರದಾಗೆ ಯಾಕ್ ಬಂದೆ?" ಎಂದಳು ಆದಿಲಕ್ಷ್ಮಮ್ಮ, ಅವಳ ಮುಖದ ಹತ್ತಿರವೇ.

ಚಕ್ರ ನೆಲಕ್ಕೆ ತಾಗಿತು, ಎದ್ದಿತು, ಮತ್ತೆ ತಾಗಿತು. ಬ್ರೇಕ್ ಕಚ್ಚಿ ಕಿರ್ರೆಂದಿತು. ಅಷ್ಟರಲ್ಲಿ ಕೆಳಗಿನ ಹೆಂಗಸರು ಚೀರುತ್ತಾ ಚದುರಿದ್ದು ಕಂಡು ಆಂಜಿನಪ್ಪ ಲಿವರ್ ಮುಂದಕ್ಕೆ ತಳ್ಳಿದ. ಬಕೆಟ್ ದಬ್ಬೆಂದು ನೆಲಕ್ಕೆ ಬಡಿಯಿತು. ಟ್ರ್ಯಾಕ್ಟರ್ ಒಮ್ಮೆ ಕುಪ್ಪಳಿಸಿ, ಟ್ರೈಲರಿನಿಂದ ಒಂದು ಮಾರು ಈಚೆ ನಿಂತಿತು. ಮುನಿನಾರಾಯಣಮ್ಮ ಕೆಳಗೆ ಬಿದ್ದಿದ್ದಳು. ಆದಿಲಕ್ಷ್ಮಮ್ಮನ ಸೊಂಟದ ಟವಲಿನ ಗಂಟನ್ನು ಒಂದು ಕೈಯಲ್ಲಿ ಹಿಡಿದೇ ಇದ್ದಳು. ಯಾವಾಗ ಹಿಡಿದಳೋ ಅವಳಿಗೇ ತಿಳಿಯದು. ಮೊಣಕಾಲಿನಿಂದ ಪಾದದವರೆಗೆ ಚರ್ಮ ತರಚಿ ರಕ್ತ ಇಳಿಯುತ್ತಿತ್ತು.

ಆಂಜಿನಪ್ಪ ಕೆಳಗಿಳಿದು ಟವಲಿನ ಗಂಟು ಬಿಚ್ಚಲು ಹೋದ. ಗಂಟು ಬಿಗಿದುಹೋಗಿತ್ತು, ಬಿಚ್ಚಲಾಗಲಿಲ್ಲ. ಕೊನೆಗೆ ಕುಡುಗೋಲಿನಿಂದ ಕೊಯ್ದರು. ಗುಂಡುಕಲ್ಲು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಆದಿಲಕ್ಷ್ಮಮ್ಮನಿಗೆ ಎಲ್ಲಾ ಅರ್ಥವಾಗಿ, ಕೂತಲ್ಲೇ ಅಳಲು ಶುರುಮಾಡಿದಳು.

ಸುದ್ದಿ ಹೋಗಿ ರಾಮಚಂದ್ರಪ್ಪ ಸ್ಕೂಟರಿನಲ್ಲಿ ಬಂದ. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ ನೋಡಿದ.

"ಏನೂ ಆಗಿಲ್ವಲ್ಲ. ಯಾಕಿಷ್ಟು ಗಲಾಟೆ?"

"ಆಗಿದ್ರೆ ಗಲಾಟೆ ಮಾಡಾಕೆ ನಾವಿರ್ತಿರ್ಲಿಲ್ಲಣ್ಣ" ಎಂದಳು ಮುನಿನಾರಾಯಣಮ್ಮ.

"ಒಬ್ಬರ ತೂಕ ಸಾಲ್ದು ಅಂತ ಆಯ್ತು. ನಾಳೆಯಿಂದ ಇಬ್ಬರು ಕೂತ್ಕೊಳ್ಳಿ."

ಆಗ ಅವಳು ಒಂದು ಮಾತು ಹೇಳಿದಳು. ಆ ಮನೆಯವರ ಮುಂದೆ ಜೀವಮಾನದಲ್ಲಿ ತಲೆಯೆತ್ತಿ ಮಾತಾಡಿದವಳಲ್ಲ. ಹೇಳುವಾಗ ಟ್ರ್ಯಾಕ್ಟರಿಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದಳು. ನಾಳೆಯಿಂದ ಊರಲ್ಲಿ ಯಾರೂ ಕೂಲಿಗೆ ಕರೆಯದಿದ್ದರೆ? ಆದರೂ ಬಾಯಿಗೆ ಬಂದು ಬಿಟ್ಟಿತ್ತು.

"ನೀವೇ ಒಂದ್ಸಲ ಕುಂತ್ಕೊಳ್ಳಿ ಅಣ್ಣಾ. ನಮ್ಮಿಬ್ರಿಗಿಂತ ನಿಮ್ದು ಒಳ್ಳೆ ತೂಕ."

ರಾಮಚಂದ್ರಪ್ಪ ಹೊಟ್ಟೆ ಬಂದ ಮನುಷ್ಯ. ಹಿಂದೆ ಯಾರೋ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನ ಮುಖ ಕೆಂಪಾಯಿತು. ಅಷ್ಟು ಜನ ನೋಡುತ್ತಿದ್ದಾರೆ, ಹೆದರಿದೆ ಎನ್ನಿಸಿಕೊಳ್ಳುವ ಹಾಗಿಲ್ಲ. ಪಂಚೆ ಎತ್ತಿ ಕಟ್ಟಿ, "ಇದಕ್ಕೇನಂತೆ" ಎಂದು ಹಲಗೆಯ ಮೇಲೆ ಕೂತ. ಇಳಿಜಾರು ಬೇಡವೆಂದು ಮುನಿನಾರಾಯಣಮ್ಮನೇ ಹೇಳಿದ್ದರಿಂದ, ಆಂಜಿನಪ್ಪ ಟ್ರ್ಯಾಕ್ಟರನ್ನು ಮಟ್ಟವಾದ ಜಾಗಕ್ಕೆ ತಂದು, ಹಸಿ ಗೋಡು ತುಂಬಿ, ನಿಂತಲ್ಲೇ ನಿಧಾನಕ್ಕೆ ಎತ್ತಿದ.

ಇಂಜಿನ್ನಿನ ಸದ್ದು ದಪ್ಪವಾಯಿತು. ಮುನಿನಾರಾಯಣಮ್ಮ ಎದುರಿಗೆ ನಿಂತು ರಾಮಚಂದ್ರಪ್ಪನ ಮುಖವನ್ನೇ ನೋಡುತ್ತಿದ್ದಳು. ಹಲಗೆ ಯಾವಾಗ ಹಗುರಾಯಿತು ಎಂದು ಅವಳಿಗೆ ಆ ಮುಖದಲ್ಲೇ ಗೊತ್ತಾಯಿತು. ಮೀಸೆಯ ಕೆಳಗಿದ್ದ ನಗು ಅಲ್ಲಿಯೇ ನಿಂತುಹೋಯಿತು. ಎರಡೂ ಕೈ ತಾವಾಗಿ ಹಲಗೆ ಹಿಡಿದವು. ಹಿಡಿದ ಜಾಗದಲ್ಲಿ ಅವಳ ಬೆರಳು ತಿಕ್ಕಿ ನುಣುಪಾಗಿತ್ತು.

"ಇಳ್ಸೋ" ಎಂದ. "ಇಳ್ಸೋ ಆಂಜಿನಪ್ಪಾ!"

ಇಳಿದು ಮಡ್‌ಗಾರ್ಡ್ ಹಿಡಿದುಕೊಂಡು ನಿಂತ. ಯಾರಿಗೂ ಕೇಳಿಸದ ಹಾಗೆ ಅವಳನ್ನು ಕೇಳಿದ:

"ದಿನಾ ಹಿಂಗೇ ಆಗ್ತಿತ್ತಾ?"

"ದಿನಾ ಅಣ್ಣಾ. ಎತ್ತಿದಾಗ್ಲೆಲ್ಲ."

ಅವನು ಸ್ಕೂಟರ್ ಹತ್ತಿ ಹೊರಟುಹೋದ. ಊರ ಕಡೆ ಅಲ್ಲ, ರಾಬರ್ಟ್‌ಸನ್‌ಪೇಟೆಯ ಕಡೆ.

ಮರುದಿನ ಕುಪ್ಪುಸ್ವಾಮಿ ಬಂದ. ಹಲಗೆ ನೋಡಿ, ಕೊಯ್ದ ಟವಲ್ ನೋಡಿ, ತಲೆ ಚಚ್ಚಿಕೊಂಡ. "ಅಯ್ಯಯ್ಯೋ ಕಡವುಳೇ! ಮನುಷ್ಯರನ್ನ ಕಟ್ಟಿದ್ರಾ? ಹೊಲದ ಹಲಗೆ ನೆಲದ ಮೇಲೆ ಇರ್ತದಮ್ಮಾ, ಬಿದ್ರೆ ಮಣ್ಣು ಮೆತ್ತಿಕೊಳ್ತದೆ ಅಷ್ಟೇ. ಇದು ಬಾವಿಯಿಂದ ನೀರೆತ್ತೋ ಏತದ ಮರ. ಮುಂದಿನ ಚಕ್ರವೇ ಅದರ ಕಂಬ. ಆ ಕಡೆ ಇಳಿದ್ರೆ ಈ ಕಡೆ ಹಾರ್ತದೆ." ಹಲಗೆಯನ್ನು ಅವನೇ ಬಿಚ್ಚಿ ಎಸೆದ. ಕೊಟ್ಟಿಗೆಯ ಹಿಂದಿನಿಂದ ಪೆಟ್ಟಿಗೆ ಎಳೆಸಿ, ಅದರ ಕಲ್ಲಿನ ನಡುವೆ ಹಳೆಯ ಕಬ್ಬಿಣದ ತುಂಡು ತುಂಬಿ ಸಿಮೆಂಟು ಸುರಿದ. ಹಿಂದಿನ ಎರಡು ಟಯರಿನ ಒಳಗೂ ಗಾಳಿಯ ಜೊತೆ ನೀರು ತುಂಬಿಸಿದ. ಬಕೆಟ್ ತುಂಬಿಕೊಂಡು ಓಡಿಸುವಾಗ ಅದು ಮೊಣಕಾಲಿನಿಂದ ಮೇಲೆ ಬರಕೂಡದು, ಸುರಿಯುವ ಜಾಗದಲ್ಲಿ ನಿಂತ ಮೇಲೆಯೇ ಎತ್ತಬೇಕು, ಇಳಿಜಾರಿನಲ್ಲಿ ಎತ್ತಲೇಬಾರದು ಎಂದು ಆಂಜಿನಪ್ಪನ ಬಾಯಲ್ಲೇ ಹೇಳಿಸಿದ. ಇನ್ನು ಮುಂದೆ ಪೆಟ್ಟಿಗೆ ಬಿಚ್ಚುವ ಹಾಗಿಲ್ಲವಾದ್ದರಿಂದ ಟ್ರೈಲರ್ ಬಿಟ್ಟು, ಊರಿನ ಎತ್ತಿನಗಾಡಿಗಳಿಗೆ ಗೋಡು ತುಂಬಿಸುವುದೆಂದು ರಾಮಚಂದ್ರಪ್ಪ ಒಪ್ಪಿಕೊಂಡ.

ಸಿಮೆಂಟು ಗಟ್ಟಿಯಾದ ಮೇಲೆ ಮೊದಲ ಸಲ ಬಕೆಟ್ ಎತ್ತುವಾಗ ಮುನಿನಾರಾಯಣಮ್ಮ ಒಂದು ಹುಲ್ಲುಕಡ್ಡಿಯನ್ನು ಹಿಂದಿನ ಚಕ್ರದ ಅಡಿಗೆ ಸಿಗಿಸಿ ಅದರ ತುದಿ ಹಿಡಿದು ಕೂತಳು. ಹತ್ತಿರ ಬರಬೇಡ ಎಂದು ಕುಪ್ಪುಸ್ವಾಮಿ ಬೈದರೂ ಏಳಲಿಲ್ಲ. ಬಕೆಟ್ ಎದ್ದಿತು. ಅವಳು ಕಡ್ಡಿ ಎಳೆದಳು, ಬರಲಿಲ್ಲ. ಇನ್ನೂ ಎತ್ತಿಸಿ ಎಳೆದಳು, ಕಡ್ಡಿ ತುಂಡಾಯಿತು, ಈಚೆ ಬರಲಿಲ್ಲ. ಅವಳು ಆ ತುಂಡನ್ನು ನೋಡುತ್ತಾ ಕೂತೇ ಇದ್ದಳು. ಆಂಜಿನಪ್ಪ, "ಪಾಸಾ, ಇನ್ಸ್‌ಪೆಕ್ಟರಮ್ಮಾ?" ಎಂದ. ಅವಳು ಇನ್ನೊಂದು ಕಡ್ಡಿ ಹುಡುಕಲು ಎದ್ದಳು.

ಗೋಡಿನ ಕೆಲಸ ಮಳೆಯವರೆಗೂ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಭಯ ಮುನಿನಾರಾಯಣಮ್ಮನನ್ನು ಬಿಡಲಿಲ್ಲ. ಕಾಲು ನೆಲಕ್ಕೆ ತಾಗದ ಯಾವ ಜಾಗದಲ್ಲೂ ಅವಳು ಈಗ ಕೂರುವುದಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಲ್ಲುತ್ತಾಳೆ. ರಾಗಿ ಹೊಲದ ಹಲಗೆಗೂ ಹೋಗುವುದಿಲ್ಲ. ಯಾರಾದರೂ ಕರೆಯಲು ಬಂದರೆ ಮೊಣಕಾಲು ನೋವು ಎನ್ನುತ್ತಾಳೆ.

ಇದಾಗಿ ಎರಡು ವರ್ಷವಾಯಿತು. ಮೊನ್ನೆ ಬಂಗಾರಪೇಟೆ ರಸ್ತೆಯ ಒಂದು ಊರಿನಿಂದ ಆಳು ಬಂದಿದ್ದ. ಅಲ್ಲಿ ಕೋದಂಡಪ್ಪ ಎನ್ನುವವರು ಸೊಂಡಿಲಿರುವ ಇಂಥದೇ ಸಣ್ಣ ಟ್ರ್ಯಾಕ್ಟರ್ ಕೊಂಡಿದ್ದಾರೆ. ತಿಪ್ಪೆಗೊಬ್ಬರ ತುಂಬುವ ಕೆಲಸವಂತೆ, ಹಿಂದೆ ಕೂರಲು ಇಬ್ಬರು ಹೆಂಗಸರು ಬೇಕಂತೆ, ನಿಮ್ಮೂರಿನವರಿಗೆ ಅಭ್ಯಾಸ ಇದೆಯಂತಲ್ಲ ಎಂದ. ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಮಾತ್ರ ಹೂಂ ಎಂದಿದ್ದಾಳೆ. ಈಗ ಬೇರೆ ಕೂಲಿ ಇಲ್ಲ, ಗೊಬ್ಬರ ಗೋಡಿನಷ್ಟು ಭಾರ ಇರುವುದಿಲ್ಲ ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಹೊರಡುತ್ತಾಳೆ.

ಹಿರಿಯರ ಎದುರು ನಿಂತರೆ ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆದೆ. ನಾಳೆ ಅಮ್ಮನ ಜೊತೆ ನಾನೂ ಬಸ್ಸು ಹತ್ತುತ್ತೇನೆ. ಅವಳು ಟ್ರ್ಯಾಕ್ಟರ್ ಹತ್ತುವ ಮೊದಲು ಈ ಹಾಳೆಗಳನ್ನು ಕೋದಂಡಪ್ಪನವರ ಕೈಗೆ ಕೊಡುತ್ತೇನೆ. ಅವರು ಓದಿ ಮುಗಿಸುವವರೆಗೆ ಅಮ್ಮನ ಕೈ ಬಿಡುವುದಿಲ್ಲ.